ರೇಣುಕಾಳ ಗದ್ದದ ಮಚ್ಚೆ

ರೇಣುಕಾಳ ಗದ್ದದ ಮೇಲೆ ಮಚ್ಚೆ ಇತ್ತು. ಫೋಟೊದಿಂದ ಅದನ್ನು ಅಳಿಸಿದವನು ನಾನು. ಅಷ್ಟೇ ಆಗಿದ್ದರೆ ಕೈತಪ್ಪು ಅನ್ನಬಹುದಿತ್ತು — ಆಮೇಲೆ ನಾನು ಆಡಿದ ಮಾತಿಗೆ ಏನೆನ್ನಬೇಕೋ, ಇವತ್ತಿಗೂ ತಿಳಿದಿಲ್ಲ.

ಆಗ ಶಹಾಪುರದಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇತ್ತು. ಮದುಮಕ್ಕಳನ್ನು ಕಾಲುವೆ ದಂಡೆಯ ಮೇಲೆ ನಿಲ್ಲಿಸಿ ಫೋಟೊ ತೆಗೆಸುವ ಹುಚ್ಚು ಎಲ್ಲರಿಗೂ ಹತ್ತಿದ್ದ ಕಾಲ. ಅಲ್ಲಿಯೇ ಒಮ್ಮೆ, ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಮಣ್ಣೆಬ್ಬಿಸುತ್ತ ಹೋಗುವಾಗ, ಅವಸರದಲ್ಲಿ ಲೆನ್ಸ್ ಬದಲಿಸಿದೆ. ಕ್ಯಾಮೆರಾದ ಒಳಗೆ, ಚಿತ್ರ ಮೂಡುವ ಸೆನ್ಸರಿನ ಮೇಲೆಯೇ ಧೂಳು ಕೂತಿತು. ರಬ್ಬರ್ ಬುರುಡೆ ಒತ್ತಿ ಗಾಳಿ ಬಿಟ್ಟೆ; ಹೋಗಲಿಲ್ಲ. ಹೈದರಾಬಾದಿಗೆ ಕಳಿಸಿ ಸಾಫ್ ಮಾಡಿಸಬೇಕಿತ್ತು. ಲಗ್ನದ ಹಂಗಾಮು — ಕ್ಯಾಮೆರಾ ಬಿಟ್ಟಿರಲು ಮನಸ್ಸಾಗಲಿಲ್ಲ. ಫೋಟೊಗಳಲ್ಲಿ ಬೀಳುವ ಕಪ್ಪು ಚುಕ್ಕೆಗಳನ್ನು ಕಂಪ್ಯೂಟರಿನಲ್ಲಿ ಅಳಿಸುತ್ತ ದಿನ ದೂಡಿದೆ.

ಹತ್ತಿರದ ಸಗರ ಎಂಬ ಹಳ್ಳಿಯ ರೇಣುಕಾಳ ನಿಶ್ಚಿತಾರ್ಥದ ಫೋಟೊಗಳಿಗೂ ಹಾಗೇ ಮಾಡಿದೆ. ಧೂಳಿನ ಚುಕ್ಕೆ ಎಲ್ಲ ಫೋಟೊದಲ್ಲೂ ಒಂದೇ ಜಾಗದಲ್ಲಿರುತ್ತದೆ. ಮಚ್ಚೆ ಮುಖದ ಜೊತೆ ತಿರುಗುತ್ತದೆ. ಇಷ್ಟು ನನಗೆ ಗೊತ್ತಿತ್ತು. ಆದರೆ ನಾನು ಮುಖ ನೋಡಲೇ ಇಲ್ಲ — ಚುಕ್ಕೆ ಮಾತ್ರ ನೋಡಿದೆ. ಮೂಲ ಚಿತ್ರಗಳನ್ನೂ ತೆಗೆದುಹಾಕಿ, ಮುಂದಿನ ಲಗ್ನಕ್ಕೆ ಜಾಗ ಮಾಡಿಕೊಂಡೆ.

ಮದುವೆಗೆ ಮೊದಲೇ ಹುಡುಗಿ ಜ್ವರ ಬಂದು ತೀರಿಹೋದಳು. ನಿಶ್ಚಿತಾರ್ಥದ್ದೇ ಒಂದು ಫೋಟೊ ದೊಡ್ಡದು ಮಾಡಿಕೊಟ್ಟೆ. ಮರುದಿನ ಅವಳ ತಾಯಿ ಮಾನಮ್ಮ ಅದನ್ನು ಹಿಡಿದು ಅಂಗಡಿಗೆ ಬಂದಳು.

“ನನ್ನ ಮಗಳ ಗದ್ದದ ಮ್ಯಾಲ ಮಚ್ಚಿ ಇತ್ರಿ. ಇದ್ರಾಗ ಕಾಣವಲ್ದು.”

ಆಗಲೇ ಹೇಳಬಹುದಿತ್ತು. ಬಾಯಿಗೆ ಬಂದದ್ದೂ ಹೌದು... ಸುತ್ತ ಗಿರಾಕಿಗಳಿದ್ದರು.

“ಕ್ಯಾಮೆರಾ ಸುಳ್ಳು ಹೇಳಂಗಿಲ್ಲ ಯವ್ವಾ. ಇದ್ದಿದ್ರ ಬರ್ತಿತ್ತು. ದುಃಖದಾಗ ನಿಮಗ ಹಂಗ ಅನಸಾಕತ್ತದ.”

ಅವಳು ಫೋಟೊ ನೋಡಿದಳು. ತನ್ನ ಗದ್ದ ಮುಟ್ಟಿಕೊಂಡಳು — ಈ ಕಡೆ, ಆಮೇಲೆ ಆ ಕಡೆ. “ಇರಬಹುದ್ರಿ” ಎಂದು ಹೊರಟುಹೋದಳು.

ಎಷ್ಟೋ ವರ್ಷದ ಮೇಲೆ, ಹೇಳಿಬಿಡಬೇಕೆಂದೇ ಸಗರಕ್ಕೆ ಹೋದೆ. ಮಾನಮ್ಮ ಗುರುತು ಹಿಡಿದು ಚಹಾ ಮಾಡಿಕೊಟ್ಟಳು. ಅಷ್ಟರಲ್ಲಿ ಅವಳ ಗಂಡ ತೀರಿಕೊಂಡಿದ್ದ.

“ನಮ್ಮ ರೇಣುಕಾನ ಅಪ್ಪ ಸಾಯೂತನಕ ಮಚ್ಚಿ ಇತ್ತು, ಇತ್ತು ಅಂತ ಒಂದೇ ಹಟ ಹಿಡದಿದ್ದ್ರಿ. ನೀವು ಹೇಳಿದ್ದೇ ಹೇಳಿ ನಾನೇ ಬಾಯಿ ಮುಚ್ಚಿಸ್ತಿದ್ದೆ. ಹಡದ ಅಪ್ಪಗ ಮಗಳ ಮುಖ ನೆನಪಿಲ್ಲಂದ್ರ ಹ್ಯಾಂಗ್ರಿ?”

ಕೈಯಲ್ಲಿ ಚಹಾ ಆರುತ್ತಿತ್ತು. ಹೇಳಿದರೆ ಅವಳಿಗೆ ಉಳಿದಿರುವ ಆ ಫೋಟೊವೂ ಸುಳ್ಳಾಗುತ್ತದೆ, ಸತ್ತ ಗಂಡನ ಎದುರು ಅವಳೇ ತಪ್ಪಿತಸ್ಥೆಯಾಗುತ್ತಾಳೆ — ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ನೆಪವೇ. ಹೇಳಲು ನನಗೆ ಧೈರ್ಯವಿರಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಮಾನಮ್ಮ ಇನ್ನೂ ಇದ್ದಾಳೆ. ಅವಳಿಗೆ ಓದಲು ಬರುವುದಿಲ್ಲ — ಅದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ.