ಸ್ಪಿರಿಟ್ಟಿನಲ್ಲಿ ಒರೆಸಿದ ಇಕ್ಕಳ

ಅಕ್ಕನ ಕಣ್ಣಿನ ಹಳದಿಯನ್ನು ಮೊದಲು ಕಂಡವಳು ನಾನೇ. ಹೊನವಾಡದ ಅವಳ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಒಂದು ವಾರದಿಂದ ಊಟ ಸೇರುತ್ತಿಲ್ಲ, ದ್ರಾಕ್ಷಿ ತೋಟದ ಕೆಲಸಕ್ಕೂ ಹೋಗಿಲ್ಲ ಎಂದಳು. ಕಾಮಣಿಗೆ ಸೊಪ್ಪಿನ ಔಷಧ ಸಾಕೆಂದರು ಮನೆಯವರು. ನಾನು ಹಟ ಹಿಡಿದು ವಿಜಯಪುರಕ್ಕೆ ಕರೆತಂದು ರಕ್ತ ಪರೀಕ್ಷೆ ಮಾಡಿಸಿದೆ.

ಹೆಪಟೈಟಿಸ್ ಬಿ. ರಕ್ತದಿಂದ ರಕ್ತಕ್ಕೆ ಹರಡುವ, ಲಿವರಿಗೆ ತಗಲುವ ಸೋಂಕು.

ಆಪರೇಷನ್ ಆಗಿದೆಯಾ, ರಕ್ತ ಹಾಕಿಸಿಕೊಂಡಿದ್ದೀರಾ ಎಂದು ಡಾಕ್ಟರು ಕೇಳಿದರು. ಇಲ್ಲ. ಹಲ್ಲು ಕೀಳಿಸಿದ್ದೀರಾ?

"ಮೂರು ತಿಂಗಳಾತ್ರಿ. ನಮ್ಮ ತಂಗಿ ಕೆಲಸ ಮಾಡೋ ದವಾಖಾನ್ಯಾಗ." ಹಾಗೆನ್ನುವಾಗ ಅವಳಿಗೆ ಹೆಮ್ಮೆ. ನಾನು ತಲೆ ತಗ್ಗಿಸಿ ರಿಪೋರ್ಟನ್ನು ಮಡಚಿದೆ.

ನಾನು ಹಲ್ಲಿನ ಕ್ಲಿನಿಕ್ಕಿನಲ್ಲಿ ಅಸಿಸ್ಟೆಂಟ್. ಒಬ್ಬರಿಗೆ ಬಳಸಿದ ಇಕ್ಕಳ ಆಟೋಕ್ಲೇವಿನ ಹಬೆಯಲ್ಲಿ ಬೇಯದೆ ಇನ್ನೊಬ್ಬರ ಬಾಯಿಗೆ ಹೋಗಬಾರದು ಎಂದು ಹೊಸಬರಿಗೆ ಗದರಿ ಕಲಿಸುವವಳು. ಹಲ್ಲು ಕೀಳಿಸಲು ಬಂದ ಆ ದಿನ ಅಕ್ಕ ಊದಿದ ಕೆನ್ನೆ ಹಿಡಿದು ಕೂತಿದ್ದಳು. ಊರಿನ ಬಸ್ಸಿಗೆ ಅರ್ಧ ಗಂಟೆಯಿತ್ತು. ಅವಳ ಹಲ್ಲಿಗೆ ಹೊಂದುವ ಇಕ್ಕಳವನ್ನು ಆಗಷ್ಟೇ ಒಬ್ಬರಿಗೆ ಬಳಸಿಯಾಗಿತ್ತು; ಆಟೋಕ್ಲೇವಿಗೆ ಹಾಕಿದರೆ ಬಸ್ಸು ತಪ್ಪುತ್ತಿತ್ತು. ಬೇರೆಯವರಾಗಿದ್ದರೆ ಕಾಯಿರಿ ಎನ್ನುತ್ತಿದ್ದೆ. ಇವಳು ನಮ್ಮವಳಲ್ಲವೇ? ಸೋಪಿನಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ ಟ್ರೇಯಲ್ಲಿಟ್ಟೆ. ನಮ್ಮ ಡಾಕ್ಟರಮ್ಮ ನನ್ನನ್ನು ನಂಬಿ ಏನೂ ಕೇಳಲಿಲ್ಲ.

ಆರು ತಿಂಗಳ ನಂತರದ ರಿಪೋರ್ಟೂ ಪಾಸಿಟಿವ್. ಇನ್ನು ಇದು ಜೀವನಪರ್ಯಂತ ಇರಬಹುದು, ಆಗಾಗ ಲಿವರ್ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು ಎಂದರು ಡಾಕ್ಟರು. ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲಾಗದು ಎಂದೂ ಹೇಳಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ನನಗೆ ಕ್ಲಿನಿಕ್ಕಿನಲ್ಲಿ ಮೂರೂ ಡೋಸ್ ಲಸಿಕೆ ಹಾಕಿಸಿದ್ದರು. ಅಕ್ಕನಿಗೆ ಒಂದೂ ಆಗಿರಲಿಲ್ಲ.

ಅಕ್ಕ ತನ್ನ ತಾಟು ಬೇರೆ ಇಟ್ಟುಕೊಂಡಳು. ಜೊತೆಗೆ ಉಂಡರೆ, ಮುಟ್ಟಿದರೆ ಹರಡುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮೊಮ್ಮಗಳು ಕೈಚಾಚಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಅದನ್ನು ನೋಡಲಾರದೆ ಒಂದು ಮಧ್ಯಾಹ್ನ ಎಲ್ಲ ಹೇಳಿಬಿಟ್ಟೆ.

ಅವಳು ಎದ್ದು ತನ್ನ ತಾಟನ್ನು ತೊಳೆದು ಬೋರಲು ಹಾಕಿದಳು. ಆಮೇಲೆ, ತನಗಿಂತ ಮೊದಲು ಹಲ್ಲು ಕೀಳಿಸಿಕೊಂಡವರು ಯಾರು ಎಂದು ಕೇಳಿದಳು. ಶಾಪ ಹಾಕಲಿಕ್ಕೆ ಎಂದುಕೊಂಡೆ. ತಿಕೋಟಾದ ಒಬ್ಬ ಹೆಣ್ಣುಮಗಳು, ಎರಡು ಮಕ್ಕಳ ತಾಯಿ ಎಂದೆ.

"ಆಕಿಗೂ ಗೊತ್ತಿರಾಕಿಲ್ಲ ಬೇ. ಹೇಳು ಹೋಗು."

ಹೇಳಬೇಕೆಂದರೆ ಮೊದಲು ಡಾಕ್ಟರಮ್ಮನ ಮುಂದೆ ತಪ್ಪು ಒಪ್ಪಿಕೊಳ್ಳಬೇಕಿತ್ತು. ಮರುದಿನ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಹಳೆಯ ರಿಜಿಸ್ಟರ್ ತೆಗೆದು ತಾವೇ ಆಕೆಗೆ ಫೋನ್ ಮಾಡಿದರು. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ, ಇನ್ನೂ ಹೇಳಿಲ್ಲ.

ಆಕೆ ಮಕ್ಕಳನ್ನು ಕರೆದುಕೊಂಡು ಬಂದಳು. ಆಕೆಯ ರಿಪೋರ್ಟ್ ಪಾಸಿಟಿವ್.

ಅಕ್ಕನಿಗೆ ಬೇರೆಲ್ಲಿಂದಲೋ ಬಂದಿರಬಹುದೆಂದು ನನಗೆ ಉಳಿದಿದ್ದ ಒಂದೇ ಅನುಮಾನವೂ ಹೋಯಿತು. ಮಕ್ಕಳಿಬ್ಬರ ರಕ್ತದಲ್ಲಿ ಏನೂ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ತಿಳಿಸಿದೆ. ಅವಳು ಮಕ್ಕಳ ವಿಷಯ ಮಾತ್ರ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. "ಚಲೋ ಆತು" ಎಂದಳು. ಕಾಯಿಲೆ ಬಂದಾಗಿನಿಂದ ಒಮ್ಮೆಯೂ ಅಳದಿದ್ದವಳು ಆಗ ಅತ್ತಳು.