ದತ್ತುವಿನ ಬಲಗೈ ಉಗುರು

ಹುಮನಾಬಾದಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಅಂದರೆ ದತ್ತು, ದತ್ತು ಅಂದರೆ ಎಲೆಕ್ಟ್ರಿಕ್ ಗಿಟಾರ್. ಮದುವೆ ಮೆರವಣಿಗೆಯಲ್ಲಿ ನಮ್ಮ ಬ್ಯಾಂಡ್ ಗಾಡಿಯ ಮೇಲೆ ನಿಂತು ಅವನು ತಂತಿ ಎಳೆದನೆಂದರೆ ಬೀದಿಯ ಕಿಟಕಿಗಳು ನಡುಗುತ್ತಿದ್ದವು. ಅದೇ ಗಾಡಿಯಲ್ಲಿ ಕೀಬೋರ್ಡ್ ಬಾರಿಸುವ ನನ್ನ ಆವಾಜು ನನಗೇ ಕೇಳುತ್ತಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ನಿಂತು ಕಿವಿ ಕೆಡಿಸಿಕೊಂಡವನು ನಾನು; ಅವನ ಬಗ್ಗೆ ಹೇಳುವ ಹಕ್ಕು ನನಗಲ್ಲದೆ ಇನ್ಯಾರಿಗಿದೆ?

ಹೋದ ವರ್ಷ ಅವನ ಮಗಳು ರೂಪಾಲಿಯ ಮದುವೆ ನಿಶ್ಚಯವಾಯಿತು. ವರ ನಿರ್ಣಾ ಊರಿನವನು. ಬೀಗರೆಲ್ಲ ಹೋದ ಮೇಲೆ ಹುಡುಗಿ ಅಪ್ಪನನ್ನು ಕೇಳಿದಳು: “ಅಪ್ಪಾ, ಎಲ್ಲಾರ ಮದಿವ್ಯಾಗೂ ಬಾರಸ್ತಿ. ನನ್ನ ಮದಿವ್ಯಾಗ ನನ್ನ ಮುಂದ ಕುಂತು ಬಾರಸ್ತೀಯೇನು? ಗಾಡಿ ಮ್ಯಾಲ ಅಲ್ಲ.”

ಲಗ್ನದ ಸೀಸನ್ ಬಂತೆಂದರೆ ದತ್ತು ಮನೆಯಲ್ಲಿರುತ್ತಿರಲಿಲ್ಲ. ಮಗಳ ಹುಟ್ಟುಹಬ್ಬ, ಪರೀಕ್ಷೆ, ಜ್ವರ ಎಲ್ಲವೂ ಅವನು ಬೇರೆಯವರ ಮೆರವಣಿಗೆಯಲ್ಲಿದ್ದಾಗಲೇ ಬಂದು ಹೋಗಿದ್ದವು. “ಬಾರಸ್ತೀನವ್ವ” ಎಂದು ಮಾತು ಕೊಟ್ಟ.

ಕೊಟ್ಟ ಮೇಲೆ ಯೋಚನೆ ಹತ್ತಿತು. ಎದುರಿಗೇ ಕೂತ ಮಗಳಿಗೆ ಕಿಟಕಿ ನಡುಗಿಸುವ ವಾದ್ಯ ಯಾಕೆ? ಆಗಲೇ ಫೋನಿನಲ್ಲಿ ಸ್ಪೇನ್ ದೇಶದ ಒಬ್ಬ ಮುದುಕನನ್ನು ಕಂಡ. ಅವನು ಬಾರಿಸುತ್ತಿದ್ದುದು ಫ್ಲಮೆಂಕೊ ಅಂತೆ. ಕರೆಂಟಿಲ್ಲ, ಸ್ಪೀಕರಿಲ್ಲ, ತಂತಿ ಮೀಟಲು ಕೈಯಲ್ಲಿ ಪ್ಲಾಸ್ಟಿಕ್ ಚೂರೂ ಇಲ್ಲ. ಬರೀ ಉಗುರಿನಿಂದ ಬಾರಿಸುತ್ತಿದ್ದ, ನಡುನಡುವೆ ಗಿಟಾರಿನ ಹೊಟ್ಟೆಗೆ ಬೆರಳಿನಿಂದ ಬಡಿಯುತ್ತಿದ್ದ. “ಇದ ಬೇಕು ನೋಡು ನನಗ” ಎಂದ ದತ್ತು.

“ಈ ವಯಸ್ಸಿನಾಗ?” ಎಂದೆ.

“ಕೈಗಿ ವಯಸ್ಸು ಯಾರು ಹೇಳ್ಯಾರ?”

ಹೈದರಾಬಾದಿನಿಂದ ನೈಲಾನ್ ತಂತಿಯ ಗಿಟಾರ್ ತಂದ. ಮಗಳ ಕಿವಿಗೆ ಬೀಳದಂತೆ ಬ್ಯಾಂಡಿನ ಗೋದಾಮಿನಲ್ಲಿ ಕಲಿಕೆ ಶುರುವಾಯಿತು. ಎಡಗೈಗೆ ಎಲ್ಲ ಗೊತ್ತಿತ್ತು, ಬಲಗೈ ಮಾತ್ರ ಒಂದನೇ ಕ್ಲಾಸು. ಕಿರುಬೆರಳಿನಿಂದ ತೋರುಬೆರಳಿನವರೆಗೆ ಒಂದೊಂದನ್ನೇ ಬಿಚ್ಚುತ್ತ ತಂತಿಗೆ ಎಸೆಯಬೇಕು. ಅವನ ಬೆರಳುಗಳು ಮುಡಬಿ ಬಸ್ಸಿಗೆ ಮುಗಿಬಿದ್ದ ಮಂದಿಯಂತೆ ಒಟ್ಟಿಗೇ ನುಗ್ಗುತ್ತಿದ್ದವು. ನನಗೆ ಸಿಟ್ಟೇ ಬರುತ್ತಿತ್ತು. ಅವನು ಬಿಡಲಿಲ್ಲ. ಬಲಗೈ ಉಗುರು ಬೆಳೆಸಿದ, ಮುರಿಯದಿರಲೆಂದು ಹೆಂಡತಿ ದ್ರೌಪತಿಯ ನೇಲ್ ಪಾಲಿಶ್ ಹಚ್ಚಿದ. “ಉಗುರು ಬೆಳಸಿದ ಮನೀಗಿ ದರಿದ್ರ ಬರ್ತದ” ಎಂದು ತಾಯಿ ಗಯಾಬಾಯಿ ಗೊಣಗಿದಳು. ಅಂಗಡಿ ಸಾಲಿನಲ್ಲಿ ನಕ್ಕವರಿಗೆ ಅವನೇ ಕೈ ಎತ್ತಿ “ಬಣ್ಣ ಹ್ಯಾಂಗದ?” ಎಂದು ಕೇಳುತ್ತಿದ್ದ. ದೀಪಾವಳಿ ದಾಟುವ ಹೊತ್ತಿಗೆ ಗೋದಾಮಿನ ಮುಂದೆ ಹಾದುಹೋಗುವವರು ನಿಂತು ಕೇಳತೊಡಗಿದರು.

ಮದುವೆ ಬಸವಕಲ್ಯಾಣದಲ್ಲಿ. ಹಿಂದಿನ ದಿನ ಮಂಟಪದಲ್ಲಿ ಅರಿಶಿನ; ದತ್ತು ಬಾರಿಸಬೇಕಾದದ್ದೂ ಅಂದು ಸಂಜೆಯೇ. ಅರಿಶಿನಕ್ಕೆ ಮುಂಚೆ ವಧುವಿಗೂ ಅವಳ ತಂದೆ-ತಾಯಿಗೂ ಉಗುರು ತೆಗೆಯುವುದು ದತ್ತುವಿನ ಮನೆತನದ ಪದ್ಧತಿ. ಕ್ಷೌರದ ಮಾರುತಿ ಬಂದು ಕೂತ. ದತ್ತು ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು, ಅಡಿಗೆಯವನೊಂದಿಗೆ ಜಗಳಾಡುತ್ತಲೇ, ಹಿರಿಯರು ಚಾಚುತ್ತ ಬಂದ ಹಾಗೆ ಎರಡೂ ಕೈ ಚಾಚಿಬಿಟ್ಟ. ಎಡಗೈಯಲ್ಲಿ ತೆಗೆಯಲು ಏನೂ ಇರಲಿಲ್ಲ. ಬಲಗೈಯಲ್ಲಿ ಮಾರುತಿಗೆ ಭರ್ತಿ ಕೆಲಸ ಸಿಕ್ಕಿತು. ದ್ರೌಪತಿ ನೋಡಿ ಕಿರುಚುವಷ್ಟರಲ್ಲಿ ಉಗುರೆಲ್ಲ ನೆಲದ ಮೇಲಿದ್ದವು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಅಳುವೇ ಬಂತು, ಸುಳ್ಳು ಯಾಕೆ ಹೇಳಲಿ. “ಶಾಸ್ತ್ರ ಅಲ್ರೀ, ನನಗೇನ್ ಗೊತ್ತು?” ಎಂದು ಮಾರುತಿ ಬೆವೆತ.

“ಗಾಡ್ಯಾಗ ಎಲೆಕ್ಟ್ರಿಕ್ ಅದ, ತರ್ಲೇನು?” ಎಂದು ಕೇಳಿದೆ.

ದತ್ತು ಬಲಗೈಯನ್ನು ತಿರುಗಿಸಿ ನೋಡಿಕೊಂಡ. “ಉಗುರು ಹೋಗ್ಯಾವ, ಓಂಪ್ರಕಾಶ. ಬೆರಳು ಹೋಗಿಲ್ಲ.”

ಸಂಜೆ ರೂಪಾಲಿ ಮೈತುಂಬ ಅರಿಶಿನ ಹಚ್ಚಿಸಿಕೊಂಡು ಕೂತಿದ್ದಳು. ದತ್ತು ಡಿಜೆ ನಿಲ್ಲಿಸಿದ, ಕುರ್ಚಿ ಎಳೆದು ಅವಳ ಮುಂದೆ ಕೂತು ಶುರು ಮಾಡಿದ. ಗೋದಾಮಿನಲ್ಲಿ ಕೇಳಿದ್ದ ಖಣಖಣ ಇರಲಿಲ್ಲ; ನಾದ ಮೆತ್ತಗಿತ್ತು. ಹಿಂದಿನಿಂದ ಯಾರೋ “ಆವಾಜ್ ಬರವಲ್ದು!” ಎಂದು ಕೂಗಿದರು. ನಾನು ಮೈಕ್ ಹಿಡಿದು ಓಡಿದೆ. ಅವನು ಕಣ್ಣಿನಲ್ಲೇ ನನ್ನನ್ನು ಹಿಂದಕ್ಕೆ ಕಳಿಸಿ, ಬಾರಿಸುತ್ತಲೇ ಹೇಳಿದ: “ಕೇಳಬೇಕಂದ್ರ ಮುಂದ ಬರ್ರಿ.”

ಬಂದರು. ಕುರ್ಚಿ ಎಳೆದುಕೊಂಡು, ಕೂಸುಗಳನ್ನು ಎತ್ತಿಕೊಂಡು ಬಂದರು. ನಿರ್ಣಾದ ಬೀಗರೂ ಬಂದರು. ದತ್ತುವಿನ ಬೆರಳು ತಂತಿಯ ಮೇಲೆ ಓಡಿದವು, ಗಕ್ಕನೆ ನಿಂತವು, ಮತ್ತೆ ಓಡಿದವು. ಇದೆಲ್ಲ ಕೋಣನ ಮುಂದೆ ಕಿನ್ನರಿ ಆಗುತ್ತದೆ ಅಂದುಕೊಂಡಿದ್ದೆ, ಒಬ್ಬರೂ ಕೆಮ್ಮಲಿಲ್ಲ. ಅವನ ಪಕ್ಕ ಇಷ್ಟು ವರ್ಷ ನಿಂತಿದ್ದಕ್ಕೆ ನನಗೆ ಹೆಮ್ಮೆಯಾಯಿತು.

ಹಾಡು ಮುಗಿದಾಗ ಬೆರಳ ತುದಿ ಸುಲಿದು ತಂತಿಗೆ ರಕ್ತ ಹತ್ತಿತ್ತು. ರೂಪಾಲಿ ಅವನ ಕೈ ಹಿಡಿದುಕೊಂಡಳು. “ಅಪ್ಪಾ, ಸಾಕು ಬಿಡು. ಕೇಳಿದ್ನಲ್ಲ.”

“ಊರ ಮಂದೀ ಹೆಣ್ಮಕ್ಕಳಿಗಿ ಕೈ ಸೋಲೂ ತನಕ ಬಾರಸೀನಿ. ನನ್ನ ಮಗಳಿಗಿ ಒಂದ ಹಾಡಿಗಿ ಸಾಕಂತೇನು?”

ದತ್ತು ಬಟ್ಟಲಿನ ಅರಿಶಿನದಲ್ಲಿ ಬೆರಳದ್ದಿ ಎರಡನೆಯ ಹಾಡು ಎತ್ತಿಕೊಂಡ. ರೂಪಾಲಿ ಅಳುತ್ತ ಇನ್ನಷ್ಟು ಹತ್ತಿರ ಸರಿದು ಕೂತಳು.