ಅಜ್ಜಿಯ ಅರ್ಧ ಫೋಟೋ

ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದ ಆ ಕಾಲದಲ್ಲಿ ನಮ್ಮಂಥವರ ಮನೆಗಳಲ್ಲಿ ಫೋಟೋಗೂ ಒಂದು ಕಟ್ಟಳೆ ಇತ್ತು. ಬದುಕಿರುವವರನ್ನು ತಲೆಯಿಂದ ಪಾದದವರೆಗೆ ಪೂರ್ತಿ ತೆಗೆಯಬೇಕು. ಎದೆಯವರೆಗೆ ಮಾತ್ರ ಇರುವ ಅರ್ಧ ಫೋಟೋ ಏನಿದ್ದರೂ ಸತ್ತವರಿಗೆ. ಅದಕ್ಕೆ ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿ, ಹಾರ ಹಾಕುತ್ತಿದ್ದರು. ನಮ್ಮ ಅಜ್ಜಿ ಕೆಂಚಮ್ಮ ಮದುವೆ ಮನೆಯಲ್ಲೂ ಫೋಟೋದವನನ್ನು ತಡೆದು, "ಏ ತಮ್ಮ, ಕಾಲು ಬಂತಾ?" ಎಂದು ಕೇಳಿಯೇ ಮುಂದಕ್ಕೆ ಬಿಡುತ್ತಿದ್ದಳು. ಕುರಿಗಳ ಹಿಂದೆ ಅರ್ಧ ಜಿಲ್ಲೆಯನ್ನೇ ತುಳಿದ ಕಾಲು ಅವಳದು. ಬಿಟ್ಟರೆ ಹೇಗೆ?

ಕುರಿ ಮಾರಿ ನಾವು ದುರ್ಗಕ್ಕೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಅಪ್ಪ ಮಂಡಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದ. ನಮ್ಮ ಬೀದಿಯ ತಿರುವಿನಲ್ಲಿ ಬಾಷಾ ಮಾಮನ ಸ್ಟುಡಿಯೋ ಇತ್ತು. ಅದರ ಮಹಡಿಯಲ್ಲಿ ಭಾನುವಾರಗಳಂದು ಊರಿನ ಫೋಟೋ ಕ್ಲಬ್ಬು ಸೇರುತ್ತಿತ್ತು. ಮೇಷ್ಟ್ರುಗಳು, ಬ್ಯಾಂಕಿನವರು, ಅವರ ಮಕ್ಕಳು. ನಾನು ದಿನಾ ಸ್ಟುಡಿಯೋದ ಗಾಜಿಗೆ ಮೂಗು ಒತ್ತಿ ನಿಲ್ಲುವುದನ್ನು ನೋಡಿ ನೋಡಿ ಬಾಷಾ ಮಾಮನೇ ಒಂದು ದಿನ, "ಗಾಜು ಒರಸಾಕೆ ನನ್ನ ಕೈಲಿ ಆಗಲ್ಲವ್ವ. ಮ್ಯಾಲೆ ಬಂದುಬಿಡು" ಎಂದು ಕರೆದ. ಹಾಗೆ ನಾನು ಕ್ಲಬ್ಬಿನವಳಾದೆ.

ಅಲ್ಲಿ ನನ್ನದೇ ವಯಸ್ಸಿನ ವಿದ್ಯಾ ಎಂಬ ಹುಡುಗಿ ಇದ್ದಳು. ಅವಳಿಗೆ ಸ್ವಂತ ಕ್ಯಾಮೆರಾ ಇತ್ತು, ಅದಕ್ಕೊಂದು ಚರ್ಮದ ಚೀಲ ಬೇರೆ. ನನ್ನಂಥವರಿಗೆ ಕ್ಲಬ್ಬಿನ ಹಳೆಯ ಕ್ಯಾಮೆರಾ. ಒಂದು ರೀಲನ್ನು ನಾಲ್ಕು ಮಂದಿ ಹಂಚಿಕೊಳ್ಳಬೇಕು. ವಿದ್ಯಾ ನನ್ನ ಮಾತು ಕೇಳಿ ನಗುತ್ತಿದ್ದಳು. "ಐತೆ ಅಲ್ಲ ಕಣೇ, ಇದೆ." ನಾನು ಮಹಡಿ ಹತ್ತುವಾಗ 'ಇದೆ, ಇದೆ' ಎಂದು ಬಾಯಿಪಾಠ ಮಾಡಿಕೊಂಡು ಹತ್ತುತ್ತಿದ್ದೆ. ಇಳಿದ ಮೇಲೆ ಮತ್ತೆ ಐತೆ.

ಅವರೆಕಾಯಿಯ ಕಾಲ ಬಂತು. ಬೀದಿಗೆ ಬೀದಿಯೇ ಸೊಗಡಿನ ವಾಸನೆ. ಆಗ ಕ್ಲಬ್ಬಿನಲ್ಲಿ ಸ್ಪರ್ಧೆ ಇಟ್ಟರು. ವಿಷಯ 'ಮುಖ'. ಬಾಷಾ ಮಾಮ ಹೇಳಿಕೊಟ್ಟ: "ದೂರ ನಿಂತು ತಗದ್ರೆ ಅದು ಮನುಷ್ಯ ಆಗ್ತಾನೆ, ಮುಖ ಆಗಲ್ಲ. ಹತ್ರ ಹೋಗ್ರಿ. ಇನ್ನೂ ಹತ್ರ."

ಅಜ್ಜಿ ಪಡಸಾಲೆಯಲ್ಲಿ ಕುಳಿತು ನೆನೆಹಾಕಿದ ಅವರೆಕಾಳನ್ನು ಹಿತುಕುತ್ತಿದ್ದಳು. ಬಾಗಿಲಿನಿಂದ ಬಿದ್ದ ಬಿಸಿಲು ಅವಳ ಕೆನ್ನೆಯ ಒಂದೊಂದು ಗೆರೆಯಲ್ಲೂ ಇಳಿದಿತ್ತು. ನಾನು ಕ್ಯಾಮೆರಾ ಹಿಡಿದದ್ದೇ ತಡ, ಅವಳು ಪುಟ್ಟಿ ಸರಿಸಿ ಎದ್ದು ನಿಂತು, ಸೆರಗು ಎಳೆದುಕೊಂಡು, ಪಾದಗಳನ್ನು ಜೋಡಿಸಿದಳು.

"ಹಂಗಲ್ಲಜ್ಜಿ. ಮುಖ ಮಾತ್ರ."

"ಯಾಕಲೇ? ನಾನಿನ್ನೂ ಉಣ್ತಾ ಐದೀನಿ."

"ಸ್ಪರ್ಧೆಗೆ ಹಂಗೇ ಬೇಕಂತೆ. ಪೂರ್ತಿ ತಗದ್ರೆ ನನ್ನ ಫೋಟೋ ತಗಳಲ್ಲ."

ಅಜ್ಜಿ ಕುಳಿತು ಪುಟ್ಟಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. "ತಗಾ ಹೋಗ್ಲಿ. ಆದ್ರೆ ಮನಿಯಾಗೆ ಹಾಕಬ್ಯಾಡ. ಹಾಕಾದಿದ್ರೆ ನಾನು ಹೋದ ಮ್ಯಾಲೆ ಹಾಕ್ಕಳ್ರಿ, ಆವಾಗ ಬೇರೆ ಖರ್ಚಿಲ್ಲ" ಎಂದು ನಕ್ಕಳು. ಆ ನಗು ಮುಗಿಯುವ ಮೊದಲೇ ನಾನು ಒತ್ತಿದೆ.

ಆ ಫೋಟೋಕ್ಕೆ ಮೊದಲ ಬಹುಮಾನ ಬಂತು.

ಬಸ್ ಸ್ಟ್ಯಾಂಡಿನ ಹಿಂದಿನ ಸಭಾಂಗಣದಲ್ಲಿ ಪ್ರದರ್ಶನ. ಅಜ್ಜಿಯ ಮುಖವನ್ನು ದೊಡ್ಡದು ಮಾಡಿಸಿ, ಕಪ್ಪು ಕಟ್ಟು ಹಾಕಿಸಿ, ಬಾಗಿಲಿಗೆ ಎದುರಾಗಿಯೇ ಇಟ್ಟಿದ್ದರು. ಉದ್ಘಾಟನೆಗೆ ಬರಬೇಕಿದ್ದ ಅತಿಥಿಗಳು ಬರಲಿಲ್ಲ. ಅವರಿಗೆಂದು ತಂದಿದ್ದ ಸೇವಂತಿಗೆ ಹಾರ ಮೇಜಿನ ಮೇಲೆ ಬಾಡುತ್ತಿತ್ತು. ಕ್ಲಬ್ಬಿನ ಯಾರಿಗೋ ಒಳ್ಳೆಯ ಮನಸ್ಸು ಬಂದು, "ಮೊದಲ ಬಹುಮಾನಕ್ಕೇ ಹಾಕಾಣ ಬಿಡ್ರಿ" ಎಂದು ಅದನ್ನು ಅಜ್ಜಿಯ ಕಟ್ಟಿಗೆ ಹಾಕಿದರು. ಗಣಪತಿಯ ಪಟಕ್ಕೆ ಹಚ್ಚಿದ ಊದುಬತ್ತಿಯೂ ಅದೇ ಮೇಜಿನ ಮೇಲೆ ಹೊಗೆಯಾಡುತ್ತಿತ್ತು. ನಾನು ಪಕ್ಕದಲ್ಲಿ ಹೊಸ ಲಂಗ ಉಟ್ಟು ನಿಂತಿದ್ದೆ. ಸಂತೋಷ ಎಷ್ಟಿತ್ತೆಂದರೆ ಆ ಹಾರ ನನಗೆ ಹಾರವಾಗಿ ಮಾತ್ರ ಕಂಡಿತು.

ಅವತ್ತು ಆದಿವಾಲದಿಂದ ಅಜ್ಜಿಯ ತಮ್ಮ ಸಣ್ಣೀರಪ್ಪ ತಾತ ಕಂಬಳಿ ಮಾರಲು ದುರ್ಗಕ್ಕೆ ಬಂದಿದ್ದ. ಜೊತೆಗೆ ಅವನ ಊರಿನವನೊಬ್ಬ. ಬಸ್ಸಿಗೆ ಹೋಗುವ ದಾರಿಯಲ್ಲಿ ಜನ ಸೇರಿದ್ದನ್ನು ಕಂಡು ಬಾಗಿಲಲ್ಲಿ ಇಣುಕಿದ್ದಾನೆ.

"ಅಕ್ಕಾ!"

ಆ ಕೂಗು ಈಗಲೂ ಕಿವಿಯಲ್ಲಿದೆ. ತಾತ ತಲೆಯ ರುಮಾಲು ಕಿತ್ತು ಬಾಯಿಗೆ ಒತ್ತಿಕೊಂಡು ಬಂದು ಫೋಟೋದ ಮುಂದೆ ಕುಸಿದ. "ಒಂದು ಮಾತು ತಿಳಿಸಲಿಲ್ಲಲ್ಲವ್ವಾ ನನಗೆ! ಬಾಯಿಗೆ ನೀರು ಬಿಡಾಕೂ ಕರೀಲಿಲ್ಲಲ್ಲವ್ವಾ!" ಎಂದು ನೆಲ ಬಡಿದುಕೊಂಡು ಅತ್ತ. ಅವನ ಹೆಗಲ ಕಂಬಳಿಗಳು ಸಭಾಂಗಣದ ನುಣ್ಣನೆಯ ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಜೊತೆಗೆ ಬಂದವನು ಒಂದು ಗಳಿಗೆ ನಿಂತು ನೋಡಿ, ಬಂಧುಗಳಿಗೆ ಸುದ್ದಿ ಮುಟ್ಟಿಸಲು ಎಸ್‌ಟಿಡಿ ಬೂತಿಗೆ ಓಡಿದ.

ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೂ ಕೆಲವರು. ವಿದ್ಯಾ ನನ್ನ ತೋಳು ತಿವಿದು, "ಇವರು ನಿಮ್ಮೋರಾ?" ಎಂದಳು. ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಮುಖ, ಕಿವಿ ಎಲ್ಲ ಸುಡುತ್ತಿತ್ತು. ಅಷ್ಟರಲ್ಲಿ ತಾತನೇ ನನ್ನನ್ನು ಕಂಡು, ಲಂಗ ಹಿಡಿದು ಎಳೆದುಕೊಂಡು, "ಬಾರೇ ತಾಯಿ, ಅಜ್ಜಿ ಬಿಟ್ಟೋದ್ಲಲ್ಲೇ" ಎಂದು ನನ್ನನ್ನೂ ಅಪ್ಪಿ ಅಳತೊಡಗಿದ. ಕುರಿ ಉಣ್ಣೆಯ ಕಮಟು, ಎಲೆಅಡಿಕೆ, ಕಣ್ಣೀರು. ಇಡೀ ಸಭಾಂಗಣ ನೋಡುತ್ತಿತ್ತು.

"ತಾತ, ಅಜ್ಜಿ ಸತ್ತಿಲ್ಲ. ಮನಿಯಾಗೆ ಕಾಳು ಹಿತುಕ್ತಾ ಐತೆ" ಎಂದೆ.

ಐತೆ ಎಂದೆ. ನಗು ಇನ್ನೂ ಜೋರಾಯಿತು.

ಬಾಷಾ ಮಾಮ ಓಡಿ ಬಂದು ಹಾರ ಕಿತ್ತ. "ಯಜಮಾನ್ರೇ, ತಪ್ಪಾತು. ಏಳ್ರಿ. ನಿಮ್ಮಕ್ಕ ಗಟ್ಟಿಯಾಗಿ ಐದಾರೆ. ಬರ್ರಿ, ಕಣ್ಣಾರೆ ತೋರಿಸ್ತೀನಿ."

ಮನೆಗೆ ಬಂದರೆ ಅಜ್ಜಿ ಮೊಣಕೈವರೆಗೆ ಹಿತಕಿದ ಬೇಳೆಯ ನೊರೆ ಮಾಡಿಕೊಂಡು ಕುಳಿತಿದ್ದಳು. ತಾತ ಅವಳ ಪಾದ ಹಿಡಿದು ಮತ್ತೊಮ್ಮೆ ಅತ್ತ. ಆದರೆ ಬೂತಿನಿಂದ ಹೋದ ಸುದ್ದಿಯನ್ನು ಹಿಂದಕ್ಕೆ ಕರೆಯುವವರು ಯಾರು? ಹೊತ್ತು ಇಳಿಯುವ ಮೊದಲೇ ಹಿರೇಗುಂಟನೂರಿನಿಂದ ಒಂದು ಟೆಂಪೋ, ಹಿಂದೆಯೇ ಆದಿವಾಲದಿಂದ ಇನ್ನೊಂದು. ಹೆಂಗಸರು ಬೀದಿಯ ತುದಿಯಿಂದಲೇ ಎದೆ ಬಡಿದುಕೊಂಡು ಬಂದರು. ಬಾಗಿಲಲ್ಲಿ ಅಜ್ಜಿಯೇ ನಿಂತು, "ಬರ್ರವ್ವ, ಕುಂತ್ಕಳ್ರಿ" ಎಂದಾಗ ಒಬ್ಬಳಿಗೆ ಬವಳಿ ಬಂತು.

ಅಳು ನಿಂತ ಮೇಲೆ ಸಿಟ್ಟು ಶುರುವಾಯಿತು. ಬದುಕಿರೋ ಜೀವಕ್ಕೆ ಹಾರ ಹಾಕಿದ್ದು ಯಾರು, ಇದರ ಕೇಡು ಯಾರ ತಲೆಗೆ, ಹೆಣ್ಣು ಹುಡುಗಿ ಕೈಗೆ ಕ್ಯಾಮೆರಾ ಕೊಟ್ಟವರು ಯಾರು. ಬಾಷಾ ಮಾಮ ಜಗಲಿಯ ಕೆಳಗೆ ಕೈಕಟ್ಟಿ ನಿಂತಿದ್ದ. ಅಪ್ಪ ಅಷ್ಟು ಜನರೆದುರು ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ನಾಳೆಯಿಂದ ಕ್ಲಬ್ಬು ಗಿಬ್ಬು ಏನಿಲ್ಲ. ಕ್ಯಾಮೆರಾ ಮುಟ್ಟಿದ್ರೆ ಕೈ ಮುರೀತೀನಿ" ಎಂದು ಗದರಿದ. ನಾನು ಕಂಬದ ಹಿಂದೆ ಸೇರಿಕೊಂಡೆ. ಅಲ್ಲಿಂದ ಹಾಗೇ ಗೋಡೆಯೊಳಗೆ ಹೋಗಿಬಿಡುವ ದಾರಿ ಇದ್ದಿದ್ದರೆ ಹೋಗಿಬಿಡುತ್ತಿದ್ದೆ.

ಆಗ ಅಜ್ಜಿ ಕೈಯ ನೊರೆಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು:

"ಸುಮ್ಕಿರ್ರಲೇ. ಮೊನ್ನೆ ಹಿತ್ಲಾಗೆ ನನಗೆ ಕಾಗೆ ಬಡೀತು. ನೆತ್ತಿ ಮ್ಯಾಲೇ ಬಡುದು ಹೋತು."

ಎತ್ತಿದ ಕೈಗಳೆಲ್ಲ ಕೆಳಗಿಳಿದವು. ನಮ್ಮಲ್ಲಿ ಕಾಗೆ ತಲೆ ಮುಟ್ಟಿದರೆ ಕಂಟಕ ಅಂತ. ಅದು ಕಳೆಯಬೇಕಾದರೆ, ಮುಟ್ಟಿಸಿಕೊಂಡವರು ಸತ್ತರೆಂದು ಬಂಧುಗಳಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಅದನ್ನು ನಂಬಿ, ನಿಜವಾಗಿ ಅಳಬೇಕು.

"ಹೆಂಗಪ್ಪ ಸುಳ್ಳು ಹೇಳಿ ಕಳಸಾದು, ಯಾರು ಅಳ್ತಾರೆ ಅಂತ ಕುಂತಿದ್ದೆ. ಈ ಹುಡುಗಿಗೆ ಹೇಳಿದ್ದೆ. ಅವಳು ಮಾಡಿದ್ಲು. ನೀವೂ ಅತ್ತಿರಿ. ಕಂಟಕ ಹೋತು. ಇನ್ನು ಕೈಕಾಲು ತೊಳಕಳ್ರಿ, ಮುದ್ದೆ ಇಳಸ್ತೀನಿ."

ಒಬ್ಬೊಬ್ಬರಾಗಿ ನನ್ನ ಕಡೆ ನೋಡಿದರು. "ಮೊದ್ಲೇ ಹೇಳಬಾರ್ದೇನವ್ವ" ಎಂದಿತು ಒಂದು ದನಿ. "ಹೇಳಿದ್ರೆ ಅಳು ಬರ್ತಿತ್ತೇನಲೇ?" ಎಂದು ಸಣ್ಣೀರಪ್ಪ ತಾತನೇ ಬಾಯಿ ಮುಚ್ಚಿಸಿದ. ಸಾವಿಗೆಂದು ಬಂದವರೆಲ್ಲ ಸಾಲಾಗಿ ಕುಳಿತು ಹಿತಕಿದ ಬೇಳೆ ಸಾರು, ಮುದ್ದೆ ಉಂಡರು. ಬಾಷಾ ಮಾಮನಿಗೂ ಅಜ್ಜಿಯೇ ಬಡಿಸಿದಳು. ಹೆಣಕ್ಕೆಂದು ಅವರು ತಂದಿದ್ದ ಹೂವನ್ನು ಮುಡಿಯುವಂತಿಲ್ಲ, ಬಿಸಾಡುವಂತಿಲ್ಲ. ಜಗಲಿಯ ಮೇಲಿದ್ದ ಅದನ್ನು ಪಕ್ಕದ ಮನೆಯ ಮೇಕೆ ತಿಂದು ಮುಗಿಸಿತು.

ಎಲ್ಲರೂ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ: "ಅಜ್ಜಿ, ನಿನಗೆ ಕಾಗೆ ನಿಜವಾಗ್ಲೂ ಮುಟ್ಟಿತ್ತಾ?"

"ಈ ಊರಾಗೆ ಕಾಗೆಗೇನು ಬರವೇ? ಉಣ್ಣು, ಸಾರು ಆರ್ತತೆ" ಎಂದಳು.

ಸಭಾಂಗಣದಲ್ಲಿ ಪಟ್ಟ ನಾಚಿಕೆ ಒಂದು ಬಗೆಯದು. ಇದು ಬೇರೆಯೇ ಇತ್ತು. ಅಷ್ಟೂ ಜನರ ಮುಂದೆ ನನ್ನ ತಲೆ ಎತ್ತಿಸಲು ಆ ಮುದುಕಿ ಕಾಗೆಯನ್ನು ತನ್ನ ನೆತ್ತಿಯ ಮೇಲೆ ಕರೆದುಕೊಂಡಿದ್ದಳು. ಬರೀ ಮಾತಿಗೂ ಆ ಕಾಗೆಯನ್ನು ಯಾರೂ ಕರೆಯುತ್ತಿರಲಿಲ್ಲ.

ಅಪ್ಪ ಕೈ ಮುರಿಯುವ ಮಾತನ್ನು ಮತ್ತೆ ಎತ್ತಲಿಲ್ಲ. ಕ್ಲಬ್ಬಿಗೆ ಮತ್ತೆ ಹೋದೆ. ಮೆಟ್ಟಿಲ ಮೇಲೆ ಹುಡುಗರು "ಅಕ್ಕಾ!" ಎಂದು ಕೂಗಿ ನಗುತ್ತಿದ್ದರು. ಬಾಷಾ ಮಾಮ ನನ್ನ ಕೈಗೆ ಕ್ಯಾಮೆರಾ ಕೊಟ್ಟು, "ನಿಮ್ಮಜ್ಜೀದು ಕಾಲಿನ ಸಮೇತ ಒಂದು ತಗದುಕೊಂಡು ಬಾ" ಎಂದ. ತೆಗೆದೆ. ಅದರಲ್ಲಿ ಅಜ್ಜಿ ಪಾದ ಜೋಡಿಸಿಕೊಂಡು ಪೊಲೀಸರ ಹಾಗೆ ನಿಂತಿದ್ದಾಳೆ. ಯಾವ ಸ್ಪರ್ಧೆಗೂ ಆಗದ ಫೋಟೋ.

ಈಗ ನನ್ನ ಫೋನಿನ ತುಂಬ ಮುಖಗಳೇ. ಯಾರದೂ ಪಾದವಿಲ್ಲ, ಯಾರಿಗೂ ಭಯವಿಲ್ಲ. ಸಾವಿನ ಸುದ್ದಿಯೂ ಅದರಲ್ಲೇ ಬರುತ್ತದೆ. ಜೋಡಿಸಿದ ಕೈಗಳ ಚಿತ್ರವೊಂದನ್ನು ಒತ್ತಿ ಮುಂದಿನದಕ್ಕೆ ಹೋಗುತ್ತೇವೆ. ಸುಳ್ಳು ಸುದ್ದಿ ಕಳಿಸಿದರೆ ಟೆಂಪೋ ಮಾಡಿಕೊಂಡು ಬಂದು ನಿಜವಾಗಿ ಅಳುವವರು ನನಗೆ ಎಷ್ಟು ಜನ ಇದ್ದಾರೋ, ಲೆಕ್ಕ ಹಾಕಲು ಧೈರ್ಯವಿಲ್ಲ.

ಅಜ್ಜಿ ಹೋದ ದಿನ ಅವಳು ಹೇಳಿದ್ದಂತೆಯೇ ಆ ಅರ್ಧ ಫೋಟೋವನ್ನು ಪೆಟ್ಟಿಗೆಯಿಂದ ತೆಗೆದು, ದೂಳು ಒರೆಸಿ, ನಾನೇ ಹಾರ ಹಾಕಿದೆ. ಆದಿವಾಲಕ್ಕೆ ಫೋನು ಮಾಡಿದವಳೂ ನಾನೇ. ಸಣ್ಣೀರಪ್ಪ ತಾತನಿಗೆ ಕಿವಿ ಮಂದವಾಗಿತ್ತು. ಎರಡು ಸಲ ಹೇಳಿದೆ.

ಆಮೇಲೆ ತಾತ ಮಗುವಿನ ಹಾಗೆ, ಆಸೆಯಿಂದ ಕೇಳಿದ:

"ಕಾಗೆ ಏನಾರ ಮುಟ್ಟಿತ್ತೇನವ್ವ?"